ಅತ್ತೆ ತಡೆದ ಮಾತನ್ನು ಮುಂದುವರಿಸು

ಮಾಟುಂಗಾ, ಮುಂಬೈ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಿಮ್ಮ ಕಾಲೇಜಿನ ರೆಡ್ ರಿಬ್ಬನ್ ಕ್ಲಬ್ಬಿನಲ್ಲಿ ಎಚ್‌ಐವಿ ಕುರಿತು ಕೇಳಿದ್ದನ್ನು ನೀನು ಊಟದ ಹೊತ್ತಿನಲ್ಲಿ ಹೇಳತೊಡಗಿದಾಗ ಅತ್ತೆ ತಡೆದರು. ನೀನು ಆ ಮಾತೆತ್ತಿದ್ದು ಸರಿಯೆಂದೂ ಅದನ್ನು ಅಲ್ಲಿಗೇ ಬಿಡಬಾರದೆಂದೂ ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆಯ ಮಾತಿಲ್ಲದೆ ನಮ್ಮ ಮನೆಯಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಈ ಕಾಯಿಲೆಯ ಹೆಸರು ಬಂದೊಡನೆ ಮಾತ್ರ ಎಲ್ಲರ ದನಿ ತಗ್ಗುತ್ತದೆ.

ಹಾಗೆ ದನಿ ತಗ್ಗಿಸಿದ್ದರ ಫಲವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತೊಂಬತ್ತರ ದಶಕದಲ್ಲಿ ನಾನು ಹೋಟೆಲಿನ ಗಲ್ಲಾ ಪೆಟ್ಟಿಗೆಯ ಬಳಿ ಲೆಕ್ಕ ಬರೆಯುತ್ತಿದ್ದಾಗ, ಎಳೆಯ ವಯಸ್ಸಿನಲ್ಲೇ ಊರು ಬಿಟ್ಟು ಬಂದು ದೋಸೆ ಕಾವಲಿಯ ಮುಂದೆ ನಿಂತಿದ್ದ ಒಬ್ಬರು ದಿನದಿಂದ ದಿನಕ್ಕೆ ಸೊರಗಿದರು. ಅವರ ಸ್ಟೀಲ್ ಲೋಟಕ್ಕೆ ಯಾರೋ ಕೆಂಪು ದಾರ ಕಟ್ಟಿದ್ದರು. ಅವರೇ ಅದನ್ನು ತೊಳೆದು ಮೋರಿಯ ಮೂಲೆಯಲ್ಲಿ ಬೋರಲು ಹಾಕುತ್ತಿದ್ದರು. ಟಿಬಿ ಎಂದು ಹೇಳಿ ಅವರನ್ನು ಊರಿನ ಬಸ್ಸು ಹತ್ತಿಸಲಾಯಿತು. ಆ ಲೋಟದಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ. ಈ ವೈರಸ್ ಹರಡುವುದು ರಕ್ಷಣೆಯಿಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿತ ರಕ್ತದಿಂದ, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದರಿಂದ, ಮತ್ತು ಗರ್ಭ, ಹೆರಿಗೆ, ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಒಟ್ಟಿಗೆ ಉಂಡರೆ, ಮುಟ್ಟಿದರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ.

ಭಯಕ್ಕೆ ಕಾನೂನಿನ ಬಲವೂ ಸಿಕ್ಕಿದ ಕಾಲವಿತ್ತು. 1989ರಲ್ಲಿ ಗೋವಾದ ಡೊಮಿನಿಕ್ ಡಿಸೋಜಾ ಅವರು ರಕ್ತದಾನ ಮಾಡಿದಾಗ ಸೋಂಕು ಪತ್ತೆಯಾಯಿತೆಂಬ ಒಂದೇ ಕಾರಣಕ್ಕೆ, ಅವರನ್ನು ಮಾಪುಸಾದ ಹಳೆಯ ಕ್ಷಯ ಚಿಕಿತ್ಸಾಲಯವೊಂದರಲ್ಲಿ 64 ದಿನ ಒಂಟಿಯಾಗಿ ಕೂಡಿಹಾಕಲಾಗಿತ್ತು. ರಕ್ತ ಕೊಟ್ಟವರಿಗೆ ಸಮಾಜ ಕೊಟ್ಟ ಉತ್ತರ ಇದು ಎಂದು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಅಜ್ಜಿಯ ಬಳಿ ಮಾತನಾಡುವಾಗ ಔಷಧದಿಂದ ಆರಂಭಿಸು. ಆಗ ಅವರು ಕಿವಿಗೊಡುತ್ತಾರೆ. 2004ರ ಏಪ್ರಿಲ್‌ನಿಂದ ಸರಕಾರವೇ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲಾರಂಭಿಸಿತೆಂದೂ, ಅವನ್ನು ತಪ್ಪದೆ ನುಂಗುತ್ತ, ಪರೀಕ್ಷೆಯಲ್ಲಿ ಕಾಣದಷ್ಟು ಮಟ್ಟಕ್ಕೆ ವೈರಸ್ಸನ್ನು ಇಳಿಸಿ ಹಾಗೆಯೇ ಉಳಿಸಿಕೊಂಡವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಸೋಂಕು ದಾಟುವುದಿಲ್ಲವೆಂದೂ, ಗರ್ಭಿಣಿ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ಮಗುವಿಗೆ ಬರುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆಂದೂ ಹೇಳು. ಏಡ್ಸ್ ಎಂಬುದು ಚಿಕಿತ್ಸೆಯಿಲ್ಲದೆ ಉಳಿದ ಸೋಂಕು ಮುಟ್ಟುವ ಕೊನೆಯ ಹಂತವೆಂಬುದನ್ನೂ ಬಿಡಿಸಿ ತಿಳಿಸು. ಮದುವೆ ಗೊತ್ತಾಗಿರುವ ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ: ಪರೀಕ್ಷೆ ಮಾಡಿಸಿಕೊಳ್ಳುವುದಾದರೆ ಹುಡುಗ ಹುಡುಗಿ ಇಬ್ಬರೂ ತಮ್ಮ ಒಪ್ಪಿಗೆಯಿಂದ, ಒಟ್ಟಿಗೆ ಮಾಡಿಸಿಕೊಳ್ಳಲಿ, ಒಬ್ಬರನ್ನೇ ಕಟಕಟೆಯಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಗೆಳತಿಯರ ನಡುವೆ ಇನ್ನೊಂದು ಎಚ್ಚರ ಬೇಕು. ಕಾಯಿಲೆಯ ಬಗ್ಗೆ ಎಷ್ಟು ಬಿಚ್ಚಿ ಮಾತನಾಡಿದರೂ ಒಳ್ಳೆಯದೇ. ಆದರೆ ಯಾರಾದರೂ ನಿನ್ನನ್ನು ನಂಬಿ ತಮ್ಮ ವಿಷಯ ಹೇಳಿಕೊಂಡರೆ ಅದು ನಿನ್ನಲ್ಲೇ ಉಳಿಯಬೇಕು, ನನಗೂ ತಿಳಿಯಬಾರದು. ಸೋಂಕಿತರ ಗೋಪ್ಯತೆಯನ್ನು ಕಾಯಲು, ಓದು, ಉದ್ಯೋಗ, ಚಿಕಿತ್ಸೆಗಳಲ್ಲಿ ಅವರ ವಿರುದ್ಧ ತಾರತಮ್ಯವನ್ನು ತಡೆಯಲು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಇದೆ. ಅದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕು ತಗುಲಿರಬಹುದಾದ ಅಪಾಯಕ್ಕೆ ಒಳಗಾದವರು 72 ಗಂಟೆಗಳೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ವೈದ್ಯರನ್ನು ಕಂಡು 28 ದಿನಗಳ ಔಷಧ ಆರಂಭಿಸಿದರೆ ಸೋಂಕನ್ನು ತಡೆಯುವ ಅವಕಾಶವಿದೆ. ಹಿಂಜರಿಯುವವರಿಗೆ 1097 ಸಹಾಯವಾಣಿಯ ಸಂಖ್ಯೆ ಕೊಡು.

ನಿನಗೇ ಎಂದಾದರೂ ಪರೀಕ್ಷೆ ಬೇಕೆನಿಸಿದರೆ ಪುಣೆಯ ಸರಕಾರಿ ಆಸ್ಪತ್ರೆಗಳಲ್ಲಿರುವ ಐಸಿಟಿಸಿ ಎಂಬ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ಹೋಗು. ಅಲ್ಲಿ ಪರೀಕ್ಷೆಯೂ ಆಪ್ತ ಸಮಾಲೋಚನೆಯೂ ಉಚಿತ. ಅದಕ್ಕೆ ನನ್ನ ಅನುಮತಿ ಕೇಳಬೇಕಾಗಿಲ್ಲ. ಜತೆಗೆ ಯಾರಾದರೂ ಇರಲಿ ಎನಿಸಿದರೆ ಮಾತ್ರ ಫೋನ್ ಮಾಡು, ಬರುತ್ತೇನೆ, ಕಾರಣ ಕೇಳುವುದಿಲ್ಲ.

ಇಂತಿ,
ನಿನ್ನ ಅಪ್ಪ