ಲಿನ್ಯೋಂ ನದಿಯ ತಿರುವಿನ ಊರು

ಪ್ರೀತಿಯ ಗೆಳೆಯಾ,

ಫ್ರಾನ್ಸಿಗೆ ಹೋದವನು ಪ್ಯಾರಿಸ್ ಬಿಟ್ಟು ಆ ಸಣ್ಣ ಊರಿಗೆ ಯಾಕೆ ಹೋದೆ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಅವತ್ತು ಸರಿಯಾಗಿ ಹೇಳಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಹೆಸರು ಲ ಶಾಂಬೋಂ ಸೂರ್ ಲಿನ್ಯೋಂ. ಶಾಂಬೋಂ ಅಂದರೆ ನದಿ ತಿರುಗುವಲ್ಲಿನ ಒಳ್ಳೆಯ ನೆಲ. ಲಿನ್ಯೋಂ ಆ ನದಿ, ಮುಂದೆ ಹೋಗಿ ಲ್ವಾರ್ ನದಿ ಸೇರುತ್ತದೆ. ಊರಿರುವುದು ಸುಮಾರು 960 ಮೀಟರ್ ಎತ್ತರದಲ್ಲಿ. ಸುತ್ತ ಪೈನ್ ಕಾಡು, ಹುಲ್ಲುಗಾವಲು, ದಪ್ಪ ಗೋಡೆಯ ಕಲ್ಲಿನ ಮನೆಗಳು. ಚಳಿಗಾಲದಲ್ಲಿ ‘ಬ್ಯುರ್ಲ್’ ಅನ್ನುವ ಗಾಳಿ ಬೀಸಿ ದಾರಿಗೆಲ್ಲ ಹಿಮದ ಗುಡ್ಡೆ ಹಾಕುತ್ತದೆ. ಊರಾಚೆ ಮನೆಗಳು ಗುಂಪಾಗಿಲ್ಲ. ಇಲ್ಲೊಂದು, ಕಾಡು ದಾಟಿದರೆ ಅಲ್ಲೊಂದು. ನಾವು ಒಂಟಿಮನೆ ಅನ್ನುತ್ತೇವಲ್ಲ, ಹಾಗೆ.

ಇಲ್ಲಿನವರಲ್ಲಿ ಪ್ರಾಟೆಸ್ಟಂಟರೇ ಜಾಸ್ತಿ, ಅಂದರೆ ಪೋಪರನ್ನು ಒಪ್ಪದ ಕ್ರೈಸ್ತ ಪಂಗಡದವರು. 1685ರಲ್ಲಿ ಫ್ರಾನ್ಸಿನ ಕ್ಯಾಥೊಲಿಕ್ ರಾಜ ಹದಿನಾಲ್ಕನೇ ಲೂಯಿ ಈ ಪಂಗಡದ ಆರಾಧನೆಯನ್ನೇ ನಿಷೇಧಿಸಿದ. ಆಮೇಲೆ ನೂರು ವರ್ಷ ಜನ ಕಾಡಿನಲ್ಲಿ ಕದ್ದು ಸೇರಿ ಪ್ರಾರ್ಥನೆ ಮಾಡಿದರು. ಸೈನಿಕರು ಬಾಗಿಲು ಬಡಿಯುವುದು, ಒಳಗೆ ಉಸಿರು ಹಿಡಿದು ಕೂರುವುದು, ಈ ಮನೆತನಗಳಿಗೆ ಅಜ್ಜ-ಮುತ್ತಜ್ಜಂದಿರಿಂದಲೇ ಗೊತ್ತಿತ್ತು.

1940ರ ಜೂನ್ 22ರಂದು ಫ್ರಾನ್ಸ್ ಹಿಟ್ಲರನಿಗೆ ಮಣಿದು ಒಪ್ಪಂದಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಇಲ್ಲಿನ ಪಾದ್ರಿ ಆಂದ್ರೆ ಟ್ರೋಕ್ಮೆ, ಹಿಂಸೆಯನ್ನು ಆತ್ಮದ ಆಯುಧಗಳಿಂದ ಎದುರಿಸಬೇಕು ಎಂದು ಊರಿಗೆ ಹೇಳಿದರು. ಮುಂದೆ ಹಿಟ್ಲರನ ಕಡೆಯವರಿಂದ ತಪ್ಪಿಸಿಕೊಂಡು ಯಹೂದಿಗಳು ಇಲ್ಲಿಗೆ ಬರತೊಡಗಿದರು, ಅವರಲ್ಲಿ ಮಕ್ಕಳೂ ತುಂಬ. ಊರು ಅವರನ್ನು ಒಳಗೆ ಕರೆದುಕೊಂಡಿತು. ಸುಳ್ಳು ಹೆಸರಿನ ಗುರುತಿನ ಚೀಟಿಗಳು ತಯಾರಾದವು. 1942ರ ಆಗಸ್ಟ್‌ನಲ್ಲಿ ಫ್ರೆಂಚ್ ಪೊಲೀಸರು ಯಹೂದಿಗಳನ್ನು ಹಿಡಿದೊಯ್ಯಲು ಬಸ್ಸುಗಳನ್ನೇ ತಂದು ಹುಡುಕಿದರು. ಅಡಗಿದವರು ಕಾಡಿನಲ್ಲಿದ್ದರು, ನಾನು ಹೇಳಿದ ಆ ಒಂಟಿಮನೆಗಳಲ್ಲಿದ್ದರು. ಬಸ್ಸುಗಳು ಹೆಚ್ಚುಕಡಿಮೆ ಖಾಲಿಯೇ ಹೋದವು.

ಪ್ರತಿ ಸಲವೂ ಹಾಗಾಗಲಿಲ್ಲ ಕಣೋ. 1943ರ ಜೂನ್ 29ರಂದು ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಇಲ್ಲಿನ ಒಂದು ಹಾಸ್ಟೆಲಿಗೆ ನುಗ್ಗಿತು. ಹುಡುಗರ ಜೊತೆ ಅವರನ್ನು ನೋಡಿಕೊಳ್ಳುತ್ತಿದ್ದ ದಾನಿಯೆಲ್ ಟ್ರೋಕ್ಮೆಯನ್ನೂ ಹಿಡಿದೊಯ್ದರು. ದಾನಿಯೆಲ್ ಪಾದ್ರಿಯ ಸಂಬಂಧಿ. ಮುಂದಿನ ವರ್ಷ ಪೋಲೆಂಡಿನಲ್ಲಿದ್ದ ನಾಜಿಗಳ ಮೈದಾನೆಕ್ ಸೆರೆ ಶಿಬಿರದಲ್ಲಿ ತೀರಿಕೊಂಡರು. ಇದನ್ನು ಬರೆಯುವಾಗ ಈಗಲೂ ಕೈ ನಿಧಾನವಾಗುತ್ತದೆ.

ಎರಿಕ್ ಶ್ವಾಮ್ ಎಂಬವರು ಆ ಕಾಲದಲ್ಲಿ ಇಲ್ಲಿ ಆಶ್ರಯ ಪಡೆದ ಹುಡುಗ. 2020ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡಾಗ, ಸುಮಾರು 20 ಲಕ್ಷ ಯೂರೊ ಈ ಊರಿಗೆ ಬರೆದಿಟ್ಟಿದ್ದರು. ಮಕ್ಕಳ ಓದಿಗೆ ಬಳಸಿ ಅಂತ.

ಚರ್ಚಿನ ಬಾಗಿಲ ಮೇಲೆ ‘ಒಬ್ಬರನ್ನೊಬ್ಬರು ಪ್ರೀತಿಸಿ’ ಎಂದು ಕೆತ್ತಿದೆ. ನಿನಗೂ ಅದನ್ನು ತೋರಿಸಬೇಕು. ಬೇಸಿಗೆಯಲ್ಲಿ ಬಾ, ಆ ಗಾಳಿ ಇರುವುದಿಲ್ಲ.

ನಿನ್ನ ಗೆಳೆಯ