ಒಂದು ಸ್ನೂಕರ್ ಮೇಜಿಗಾಗಿ ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಾನು ಬೆಂಗಳೂರಿನ ಕ್ಲಬ್ಬೊಂದರಲ್ಲಿ 22 ವರ್ಷಗಳಿಂದ ಮಾರ್ಕರ್ ಆಗಿದ್ದೇನೆ. ಸದಸ್ಯರು ಒಂದೇ ಸರದಿಯಲ್ಲಿ ಕಲೆಹಾಕುವ ಬ್ರೇಕ್‌ಗಳ ಅಂಕ ಬರೆಯುವುದು, ಚೆಂಡು ಒರೆಸಿ ಜೋಡಿಸುವುದು, ಮೇಜಿನ ಬಟ್ಟೆಗೆ ಬ್ರಷ್ ಎಳೆದು ಇಸ್ತ್ರಿ ಮಾಡುವುದು ನನ್ನ ಕೆಲಸ. ಆ ಮೇಜಿನಲ್ಲಿ ನನ್ನ ಮಗಳು ಆಡುವಂತಿಲ್ಲ. ಅದು ಸದಸ್ಯರದು, ಆ ಬಗ್ಗೆ ನನ್ನ ತಕರಾರಿಲ್ಲ. ನಾನು ಕೇಳುತ್ತಿರುವುದು ನಮ್ಮ ವಾರ್ಡಿನ ಒಳಾಂಗಣ ಕ್ರೀಡಾಂಗಣದಲ್ಲಿ 12 ಅಡಿ ಉದ್ದ, 6 ಅಡಿ ಅಗಲದ ಒಂದು ಮೇಜನ್ನು ಮಾತ್ರ.

ಮಗಳಿಗೀಗ 17 ವರ್ಷ. ಮನೆಯ ಹತ್ತಿರದ ಪಾರ್ಲರಿನಲ್ಲಿರುವುದು ಚಿಕ್ಕ ಪೂಲ್ ಮೇಜು; ಅದರಲ್ಲಿ ಪಳಗಿದ ಕೈ ಸ್ನೂಕರಿನಲ್ಲಿ ದೂರದಿಂದ ಚೆಂಡನ್ನು ಮೇಜಿನ ಗುಂಡಿಗೆ ಬೀಳಿಸುವ ಪಾಟ್‌ಗಳಲ್ಲಿ ಎಡವುತ್ತದೆ. ಪೂರ್ಣ ಅಳತೆಯ ಮೇಜಿರುವ ಕಡೆ ಗಂಟೆಗೆ 240 ರೂಪಾಯಿ ತೆರಬೇಕಾದ್ದರಿಂದ, ದಿನಕ್ಕೆ ನಾಲ್ಕು ಗಂಟೆ ಅಭ್ಯಾಸ ಮಾಡಬೇಕಾದವಳು ವಾರಕ್ಕೆ ನಾಲ್ಕು ಗಂಟೆ ಆಡಿ ಬರುತ್ತಾಳೆ.

ಮೂರು ವರ್ಷಗಳಲ್ಲಿ ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಕಳೆದ ತಿಂಗಳು ಸಂಬಂಧಪಟ್ಟ ಕಚೇರಿಯ ಗುಮಾಸ್ತರೊಬ್ಬರು ಮಗಳ ಎದುರಿಗೇ, "ಇದು ಇಸ್ಪೀಟಿನ ಜಾತಿಯ ಆಟವಲ್ಲವೇನ್ರೀ, ಹೆಣ್ಣುಮಗುವಿಗೆ ಯಾಕೆ?" ಎಂದರು. ಆಮೇಲೆ ಮೈದಾನದ ನಕ್ಷೆ ಲಗತ್ತಿಸಿಲ್ಲವೆಂದು ಅರ್ಜಿಯನ್ನು ಹಿಂದಿರುಗಿಸಿದರು. ಸ್ನೂಕರಿಗೆ ಮೈದಾನವಿಲ್ಲ, ಮೇಜಿರುತ್ತದೆ ಎಂದೆ. "ನಮೂನೆಯಲ್ಲಿ ಮೈದಾನ ಎಂದಿದೆ, ಮೇಜು ಎಂದಿಲ್ಲ" ಎಂದರು. 15 ಕೆಂಪು, ಆರು ಬಣ್ಣದ ಚೆಂಡು ಮತ್ತು ಒಂದು ಬಿಳಿ ಚೆಂಡನ್ನು ಎಷ್ಟು ಎಕರೆಯಲ್ಲಿ ಹರಡಬೇಕೆಂದು ತಾವಾದರೂ ತಿಳಿಸಿದರೆ ನಕ್ಷೆ ಬರೆಸಿಕೊಡುತ್ತೇನೆ. ಬಸ್ಸಿನಲ್ಲಿ ಮಗಳು ಕ್ಯೂ ಕೋಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮನೆ ಬರುವವರೆಗೂ ಮಾತಾಡಲಿಲ್ಲ.

ಇದೇ ಊರಿನಲ್ಲಿ ಅರವಿಂದ್ ಸವೂರ್ ಅವರಲ್ಲಿ ಕಲಿತ ಪಂಕಜ್ ಅಡ್ವಾಣಿ, 2003ರಲ್ಲಿ ಚೀನಾದಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದಾಗ 18 ವರ್ಷದವರು. 2014ರಲ್ಲಿ ಅದೇ ಪ್ರಶಸ್ತಿಯನ್ನು ನಮ್ಮ ಬೆಂಗಳೂರಿಗೇ ಬಂದು ಗೆದ್ದ ಚೀನಾದ ಯಾನ್ ಬಿಂಗ್‌ತಾವೋ 14ರ ಹುಡುಗ. ನನ್ನ ಮಗಳು ಅವರಂತಾಗುತ್ತಾಳೆಂದು ನಾನು ಹೇಳುತ್ತಿಲ್ಲ. ಅಂಕ ಬರೆಯುವವನಿಗೆ ಆಟದ ಅಂತಸ್ತು ಗೊತ್ತಿರುತ್ತದೆ. ಆದರೆ ಈ ಆಟದಲ್ಲಿ ಜೀವನ ಕಟ್ಟಿಕೊಳ್ಳುವವರು ಯಾವ ವಯಸ್ಸಿಗೆ ಮೇಜಿನ ಮುಂದೆ ನಿಂತಿರಬೇಕು ಎಂಬುದನ್ನು ಇದರಿಂದ ಲೆಕ್ಕ ಹಾಕಬಹುದು. ಗೆದ್ದು ಬಂದವರಿಗೆ ಮೈಸೂರು ಪೇಟ ತೊಡಿಸಲು ತಮಗೆ ಯಾರ ನಕ್ಷೆಯೂ ಬೇಕಾಗುವುದಿಲ್ಲ.

ನಿಯಮಗಳು ತಮಗೆ ಗೊತ್ತಿವೆ, ಅನುದಾನದ ದಾರಿಯೂ ಗೊತ್ತಿದೆ. ಒಂದು ಮೇಜು ಕೊಡಿಸಿ. ಕ್ರೀಡಾಂಗಣದ ಹಿಂದಿನ ಕೋಣೆಯಲ್ಲಿ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದಾರೆ. ಅವನ್ನು ಹೊರಗೆ ಹಾಕಿಸಿದರೆ ಮೇಜಿನ ಸುತ್ತ ಕ್ಯೂ ಆಡಿಸಲು ಸಾಕಷ್ಟು ಜಾಗವಾಗುತ್ತದೆ, ನಾನೇ ಅಳೆದು ನೋಡಿದ್ದೇನೆ. ಮೇಜು ಬಂದ ದಿನ ಮಟ್ಟ ನೋಡಿ ಬಟ್ಟೆ ಬಿಗಿಯಲು ನಾನೇ ಬರುತ್ತೇನೆ. ಕೂಲಿ ಬೇಡ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಕ್ಷೇತ್ರದ ಒಬ್ಬ ಮಾರ್ಕರ್