ರೋಬೋಟ್ ಬಂತೆಂದು ಮದುವೆ ನಿಲ್ಲಿಸಬೇಡಿ

ಅಕ್ಕನಿಗೆ ನಮಸ್ಕಾರ. ಇಲ್ಲಿ ಎಲ್ಲಾ ಕ್ಷೇಮ. ನಿನ್ನ ಕಾಗದ ನೋಡಿ ಬೇರೆ ಸುದ್ದಿ ಬರೆಯಲು ಮನಸ್ಸಾಗಲಿಲ್ಲ.

ಫ್ಯಾಕ್ಟರಿಗೆ ವೆಲ್ಡಿಂಗ್ ರೋಬೋಟ್ ಬಂದು ವೆಲ್ಡರ್ ಸುರೇಶನ ಕೆಲಸ ಹೋದೀತೆಂದು ಬರೆದಿದ್ದೀಯ, ಆ ಭಯಕ್ಕೆ ಅವನ ಮದುವೆ ಮಾತು ಮುಂದೂಡಬೇಡ. ಆ ಯಂತ್ರ ಕಲಿಸಿದ ದಾರಿಯಲ್ಲಷ್ಟೇ ಹೋಗುತ್ತದೆ. ತುಂಡು ಎರಡು ಮಿಲಿಮೀಟರ್ ಸರಿದು ಕೂತರೆ, ಸೆನ್ಸರ್ ಇಲ್ಲದ ರೋಬೋಟ್ ಜೋಡಣೆ ಬಿಟ್ಟು ಪಕ್ಕದಲ್ಲಿ ವೆಲ್ಡ್ ಹಾಕಿ ಮುಂದೆ ಹೋಗುತ್ತದೆ. ಕರಗಿ ಬೆಸೆಯುವ ತಂತಿ 1.2 ಮಿ.ಮೀ. ದಪ್ಪವಿದ್ದರೆ ಎರಡು ತುಂಡುಗಳ ನಡುವಿನ ಸಂದು ಅದರ ಅರ್ಧ ದಾಟಬಾರದೆಂಬುದು ರೂಢಿಯ ಲೆಕ್ಕ. ಕೈಯಲ್ಲಿ ಮಾಡುವವನಾದರೆ ಸಂದು ಕಂಡಲ್ಲಿ ಟಾರ್ಚ್, ಅಂದರೆ ತಂತಿ ಹೊರಬರುವ ವೆಲ್ಡಿಂಗ್ ಹಿಡಿಕೆ, ಆಡಿಸಿ ತುಂಬಿಬಿಡುತ್ತಾನೆ. ಹಾಗಾಗಿ ಶುರುವಿನ ತಕರಾರೆಲ್ಲ ಕಟಿಂಗ್, ಬೆಂಡಿಂಗ್, ತುಂಡನ್ನು ಹಿಡಿದಿಡುವ ಫಿಕ್ಸ್ಚರ್‌ನಲ್ಲೇ ಹೆಚ್ಚು. ಆಮೇಲೆ ಟಾರ್ಚಿನ ತುದಿಯಲ್ಲಿ ತಂತಿಗೆ ಕರೆಂಟು ಕೊಡುವ ಕಾಂಟ್ಯಾಕ್ಟ್ ಟಿಪ್ ಸವೆದು ತಂತಿ ಓಲಾಡುತ್ತದೆ, ತಂತಿ ಹಾಯುವ ಕೊಳವೆ ಲೈನರ್ ಕಟ್ಟಿಕೊಂಡು ತಂತಿ ತಡೆತಡೆದು ಬರುತ್ತದೆ, ಗ್ಯಾಸ್ ಬಿಡುವ ನಾಜಲ್‌ಗೆ ಸ್ಪ್ಯಾಟರ್, ಅಂದರೆ ಸಿಡಿದ ಲೋಹದ ಹನಿ, ಅಂಟಿ ವೆಲ್ಡಿಗೆ ಗಾಳಿ ತಾಗದಂತೆ ಕಾಯುವ ಗ್ಯಾಸ್ ಕಡಿಮೆಯಾಗಿ ವೆಲ್ಡಿನಲ್ಲಿ ತೂತು ಬೀಳುತ್ತದೆ. ಆರ್ಕಿನ, ಅಂದರೆ ವೆಲ್ಡಿಂಗ್ ಕಿಡಿಯ, ಸದ್ದು ಕೇಳಿಯೇ ಇದನ್ನು ಹಿಡಿಯುವವನು ಅನುಭವಿ ವೆಲ್ಡರ್.

ಮುಚ್ಚಿಡುವುದಿಲ್ಲ, ಒಂದೇ ತುಂಡನ್ನು ದಿನವಿಡೀ ಬೆಸೆಯುವ ಕೆಲಸ ಹೋಗುತ್ತದೆ. 1961ರಲ್ಲಿ ಜನರಲ್ ಮೋಟಾರ್ಸ್ ಹಾಕಿದ ಯೂನಿಮೇಟ್ ರೋಬೋಟಿಗೂ ಡೈಕಾಸ್ಟಿಂಗಿನ, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ, ಬಿಸಿ ತುಂಡು ಎತ್ತುವಂಥ ಕೆಲಸವೇ ಸಿಕ್ಕಿತ್ತು. ಉಳಿಯುವುದು ಸೆಟ್ಟಿಂಗ್, ಪ್ರೋಗ್ರಾಮ್, ರಿಪೇರಿ, ತಪಾಸಣೆ.

ಅದಕ್ಕೇ ಸುರೇಶನಿಗೆ ಹೇಳು: ಯಂತ್ರ ಕೂರಿಸುವ ದಿನದಿಂದಲೇ ಪಕ್ಕದಲ್ಲಿ ನಿಂತಿರಲಿ. ರೋಬೋಟಿಗೆ ದಾರಿ ಕಲಿಸುವ ಕೈ ರಿಮೋಟ್, ಟೀಚ್ ಪೆಂಡೆಂಟ್, ಕೈಗೆ ತೆಗೆದುಕೊಳ್ಳಲಿ. ಕಲಿಸುವ ಮೋಡ್‌ನಲ್ಲಿ ವೇಗ ಸೆಕೆಂಡಿಗೆ 250 ಮಿ.ಮೀ. ಮೀರದು. ಪೆಂಡೆಂಟ್ ಹಿಂಬದಿಯ ಸ್ವಿಚ್ ನಡುಮಟ್ಟಕ್ಕೆ ಒತ್ತಿದರಷ್ಟೇ ರೋಬೋಟ್ ಓಡುತ್ತದೆ, ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಹಿಡಿದರೂ ನಿಲ್ಲುತ್ತದೆ. ಟಾರ್ಚ್ ಎಲ್ಲಿಗಾದರೂ ಬಡಿದರೆ ಟಿಸಿಪಿ, ಅಂದರೆ ಟಾರ್ಚಿನ ತುದಿ ಎಲ್ಲಿದೆಯೆಂದು ರೋಬೋಟ್ ಇಟ್ಟುಕೊಂಡ ಲೆಕ್ಕ, ಮತ್ತೆ ನೋಡದೆ ಒಂದು ತುಂಡೂ ಓಡಿಸಬಾರದು. ಪ್ರೋಗ್ರಾಮ್ ತಿದ್ದುವ ಮುಂಚೆ ಬ್ಯಾಕಪ್. ಇಷ್ಟು ಬಂದರೆ ಮುಂದೆ ವೆಲ್ಡನ್ನು ಅಡ್ಡ ಕತ್ತರಿಸಿ, ಪಾಲಿಶ್ ಮಾಡಿ, ಆಸಿಡ್ ಹಚ್ಚಿ ಪೆನೆಟ್ರೇಶನ್, ಅಂದರೆ ವೆಲ್ಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು, ಅಳೆಯುವುದು ಕಲಿಯಲಿ, ಅದಕ್ಕೆ ಜನ ಸಿಗುವುದೇ ಕಷ್ಟ.

ಇಲ್ಲಿ ನಾನಿರುವ ಕಡೆಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. ರಿಪೇರಿಗೆ ರೋಬೋಟಿನ ಸುತ್ತಲಿನ ಬೇಲಿಯೊಳಗೆ ಹೋಗುವ ಪ್ರತಿಯೊಬ್ಬನೂ ಪವರ್ ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಐದು ಜನ ಹೋದರೆ ಐದು ಬೀಗ, ಮ್ಯಾನೇಜರ್ ಬಂದರೂ ತೆಗೆಯುವ ಹಾಗಿಲ್ಲ. ಸುರೇಶ ಅಲ್ಲೂ ಹೀಗೇ ಕೇಳಿ ಮಾಡಿಸಲಿ.

ಇಷ್ಟು ಕಲಿತರೆ ಸುರೇಶನಿಗೆ ಹೆದರುವ ಕಾರಣ ಕಡಿಮೆ ಅಕ್ಕ. ಹುಡುಗಿ ಮನೆಯವರಿಗೂ ಧೈರ್ಯವಾಗಿ ಇದನ್ನೇ ಹೇಳು. ಭಾವ ರಾತ್ರಿ ನಿದ್ದೆ ಕೆಡಿಸಿಕೊಳ್ಳದಿರಲಿ. ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ನಿನ್ನ ತಮ್ಮ